ವಿಮಾ ಕಛೇರಿಯ ಕವಿ
ನೆಬ್ರಾಸ್ಕಾದ ಲಿಂಕನ್ ನಗರದ ಜೀವವಿಮಾ ಕಛೇರಿಯೊಂದರಲ್ಲಿ ಹಗಲೆಲ್ಲ ಕಾಗದಪತ್ರಗಳ ನಡುವೆ ಕುಳಿತಿರುತ್ತಿದ್ದ ಟೆಡ್ ಕೂಸರ್ ಎಂಬ ಗೃಹಸ್ಥರು, ಊರು ಇನ್ನೂ ನಿದ್ರಿಸುತ್ತಿರುವಾಗಲೇ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಕೆಲಸಕ್ಕೆ ಹೊರಡುವ ಹೊತ್ತಿನವರೆಗೆ ಕವಿತೆ ಬರೆಯುತ್ತಿದ್ದರೆಂದರೆ, ಕಾವ್ಯಕ್ಕೆ ವಿರಾಮವೇ ಬೇಕೆಂಬ ನಮ್ಮ ನಂಬಿಕೆ ಅಲುಗಾಡದೆ ಇರದು. ಬರೆದುದನ್ನು ಅವರು ಕಛೇರಿಯ ಕಾರ್ಯದರ್ಶಿನಿಗೆ ತೋರಿಸುವರು. ಆಕೆಗೆ ಅರ್ಥವಾಗದಿದ್ದರೆ ಮತ್ತೆ ತಿದ್ದುವರು. ಈ ವಿನಯವನ್ನು ನಾನು ಪಾಂಡಿತ್ಯಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

1998ರಲ್ಲಿ ಅರ್ಬುದರೋಗವು ಅಮರಿಕೊಂಡು, ಚಿಕಿತ್ಸೆಯ ದೆಸೆಯಿಂದ ಬಿಸಿಲು ಮೈಗೆ ಸೋಕಬಾರದೆಂಬ ನಿರ್ಬಂಧ ಒದಗಿದಾಗ, ಅವರು ಸೂರ್ಯೋದಯಕ್ಕೆ ಮುನ್ನವೇ ಹಳ್ಳಿಯ ದಾರಿಯಲ್ಲಿ ನಡೆದುಬಂದು, ಕಂಡುದನ್ನು ಪುಟ್ಟ ಕವಿತೆಯಾಗಿಸಿ, ಅಂಚೆಕಾರ್ಡಿಗೆ ಅಂಟಿಸಿ, ಮಿತ್ರರಾದ ಸಾಹಿತಿ ಜಿಮ್ ಹ್ಯಾರಿಸನ್ನರಿಗೆ ಕಳುಹತೊಡಗಿದರು. ಅಂಥ ನೂರು ಕಾರ್ಡುಗಳು ಮುಂದೆ ಪುಸ್ತಕವಾದವು.

ಸುಮಾರು 35 ವರ್ಷಗಳ ವಿಮಾವೃತ್ತಿಯ ತರುವಾಯ, ಕಂಪನಿಯ ಉಪಾಧ್ಯಕ್ಷರಾಗಿ ನಿವೃತ್ತರಾದ ಅವರಿಗೆ 2004ರಲ್ಲಿ ಅಮೆರಿಕದ ರಾಷ್ಟ್ರಕವಿ ಪದವಿಯೂ, 2005ರಲ್ಲಿ ಪುಲಿಟ್ಜರ್ ಬಹುಮಾನವೂ ಸಂದವು. ಆ ಪದವಿಯ ಕಾಲದಲ್ಲಿ ಅವರು ಆರಂಭಿಸಿದ ಅಂಕಣವು, ವಾರಕ್ಕೊಂದು ಸಮಕಾಲೀನ ಕವಿತೆಯನ್ನು ಊರೂರಿನ ಪತ್ರಿಕೆಗಳಿಗೆ ಉಚಿತವಾಗಿ ಒದಗಿಸಿತು.