ಶುಶ್ರೂಷಾ ಸಹಾಯಕರು: ತೆರೆಮರೆಯ ಕಾಯಕ

ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು 12ನೇ ಶತಮಾನದಲ್ಲಿ ಬಸವಾದಿ ಶರಣರು ಸಾರಿದ ನೆಲ ಬಸವಕಲ್ಯಾಣ. ಅಲ್ಲಿಯೂ ನೆರೆಯ ಹುಮನಾಬಾದಿನಲ್ಲಿಯೂ ಆಯಾ, ವಾರ್ಡ್‌ಬಾಯ್ ಎನಿಸಿಕೊಂಡ ಶುಶ್ರೂಷಾ ಸಹಾಯಕರ ದುಡಿಮೆ ತೆರೆಮರೆಯಲ್ಲೇ ಉಳಿಯುತ್ತದೆ.

ರೋಗಿಯ ಮೈ ಒರೆಸುವುದು, ಮಲಮೂತ್ರ ತೆಗೆಯುವುದು, ಗಂಜಿ ಕುಡಿಸುವುದು ಇವರ ಕೆಲಸ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಹೊರಳಿಸದಿದ್ದರೆ ಒತ್ತಡ ಬಿದ್ದೆಡೆ ರಕ್ತಸಂಚಾರ ಕುಗ್ಗಿ ಹುಣ್ಣಾಗುವ ಅಪಾಯವಿದೆ. ಕನ್ನಡ, ಮರಾಠಿ, ಉರ್ದು ಬೆರೆತ ಈ ಗಡಿಸೀಮೆಯಲ್ಲಿ ರೋಗಿಯ ನೋವಿಗೆ ಮೊದಲು ಕಿವಿಯಾಗುವವರೂ ಹಲವೊಮ್ಮೆ ಇವರೇ.

ಈ ಸಾಮೀಪ್ಯವೇ ಸಂತೋಷಕ್ಕೂ ಸಂಕಟಕ್ಕೂ ಮೂಲ. ಗುಣಮುಖನಾದ ರೋಗಿ ಕೈಮುಗಿದು ಹೊರಟಾಗ ದಣಿವು ಮರೆಯಾಗುತ್ತದೆ. ಕೈತುತ್ತು ಉಣಿಸಿದವರು ತೀರಿಕೊಂಡಾಗ ಅಳಲೂ ಬಿಡುವಿಲ್ಲ. ಪಕ್ಕದ ಹಾಸಿಗೆಯ ರೋಗಿ ಕಾಯುತ್ತಿರುತ್ತಾನೆ. ಹೊರಗುತ್ತಿಗೆಯವರಿಗೆ ನಾಳಿನ ಕೆಲಸದ ಭರವಸೆಯೂ ಇಲ್ಲ. ಸೇವೆಯನ್ನು ಕಾಯಕವೆಂದು ಹೊಗಳಿದರೆ ಸಾಲದು. ಭದ್ರತೆ, ತರಬೇತಿ, ವಿಶ್ರಾಂತಿ ದೊರಕಿಸಬೇಕು.