ಪ್ರಾಸ್ಟೇಟ್ ಕ್ಯಾನ್ಸರ್: ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಬೇಕೇ?

"ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಡಾಕ್ಟರು ಆಪರೇಷನ್ ಬೇಡ, ನಿಗಾ ಇಡೋಣ ಅಂತಾರೆ. ದುಡ್ಡು ಹೋದರೆ ಹೋಗಲಿ, ಆರು ತಿಂಗಳಿಗೊಮ್ಮೆ ಪೂರ್ತಿ ಮೈ ಸ್ಕ್ಯಾನ್ ಮಾಡಿಸಿಬಿಡಿ." ಫ್ಯಾಮಿಲಿ ಗ್ರೂಪ್‌ನಲ್ಲಿ ಇಂಥ ಸಲಹೆ ಬಂದರೆ ಏನು ಮಾಡಬೇಕು?

ಮೊದಲು "ನಿಗಾ" ಎಂದರೆ ಕೈಚೆಲ್ಲಿ ಕೂರುವುದು ಎಂಬ ಭಯ ಬಿಡೋಣ. ಗ್ರಂಥಿಯೊಳಗೇ ಇರುವ, ನಿಧಾನವಾಗಿ ಬೆಳೆಯುವ ಕ್ಯಾನ್ಸರನ್ನು ಕಡಿಮೆ ಅಪಾಯದ್ದು ಎನ್ನುತ್ತಾರೆ. ಆಪರೇಷನ್‌ನಿಂದ ಮೂತ್ರ ಸೋರಿಕೆ, ಲೈಂಗಿಕ ತೊಂದರೆ ಬರಬಹುದು. ಅದಕ್ಕೇ ಕಾಯುವುದು.

ಬ್ರಿಟನ್‌ನ ಪ್ರೊಟೆಕ್ಟ್ ಅಧ್ಯಯನದಲ್ಲಿ, ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದ 1643 ಗಂಡಸರನ್ನು ಸುಮಾರು 15 ವರ್ಷ ಗಮನಿಸಿದರು. ಈ ಕಾಯಿಲೆಯಿಂದ ಸತ್ತವರು ನಿಗಾ ಗುಂಪಿನಲ್ಲಿ ಶೇ. 3.1, ಆಪರೇಷನ್ ಗುಂಪಿನಲ್ಲಿ ಶೇ. 2.2. ದೊಡ್ಡ ವ್ಯತ್ಯಾಸವೇನಲ್ಲ. ಆದರೆ ಕ್ಯಾನ್ಸರ್ ಬೇರೆಡೆ ಹರಡಿದ್ದು ನಿಗಾ ಗುಂಪಿನಲ್ಲಿ ಶೇ. 9.4, ಆಪರೇಷನ್ ಗುಂಪಿನಲ್ಲಿ ಶೇ. 4.7. ಇದನ್ನು ಮುಚ್ಚಿಡಬಾರದು. ಅಲ್ಲಿ ನಿಗಾ ನಡೆದದ್ದು ಮುಖ್ಯವಾಗಿ ಪಿಎಸ್‌ಎ ಎಂಬ ರಕ್ತಪರೀಕ್ಷೆಯಿಂದ. ಎಂಆರ್‌ಐ ಬೆಲೆ ಗೊತ್ತಾಗುವುದು ಇಲ್ಲಿಯೇ.

ಎಂಆರ್‌ಐ ಗ್ರಂಥಿಯ ಅನುಮಾನದ ಜಾಗವನ್ನು ತೋರಿಸುತ್ತದೆ, ಸೂಜಿ ಎಲ್ಲಿ ಹಾಕಬೇಕೆಂದು ಹೇಳುತ್ತದೆ. 576 ಜನರ ಪ್ರೊಮಿಸ್ ಅಧ್ಯಯನದ ಪ್ರಕಾರ, ರೋಗ ಪತ್ತೆಯ ಹಂತದಲ್ಲಿ ಮೊದಲು ಎಂಆರ್‌ಐ ಮಾಡಿದರೆ ನಾಲ್ಕರಲ್ಲಿ ಒಬ್ಬರಿಗೆ ಬಯಾಪ್ಸಿಯೇ ತಪ್ಪಬಹುದು. ಸ್ಕ್ಯಾನ್‌ಗೆ ಕೊಟ್ಟ ದುಡ್ಡಿನ ಒಂದು ಪಾಲು ಹಾಗೆ ವಾಪಸ್ ಬರುತ್ತದೆ.

ಹಾಗಂತ ಪದೇ ಪದೇ ಮಾಡಿಸಿದರೆ ಲಾಭವೂ ಅಷ್ಟೇ ಪಟ್ಟು ಹೆಚ್ಚುವುದಿಲ್ಲ. ಏನೂ ಅಲ್ಲದ ಕಲೆ ಕಂಡರೂ ಮತ್ತೆ ಬಯಾಪ್ಸಿ, ಮತ್ತೆ ನಿದ್ದೆಗೆಟ್ಟ ರಾತ್ರಿಗಳು. ಬ್ರಿಟನ್‌ನ ನೈಸ್ ಸಂಸ್ಥೆಯ ಮಾರ್ಗಸೂಚಿಯಲ್ಲಿ ಮೊದಲ ವರ್ಷ 3-4 ತಿಂಗಳಿಗೊಮ್ಮೆ ಪಿಎಸ್‌ಎ, 12ರಿಂದ 18 ತಿಂಗಳ ನಡುವೆ ಒಂದು ಎಂಆರ್‌ಐ. ಆಮೇಲೆ ಆರು ತಿಂಗಳಿಗೊಮ್ಮೆ ಪಿಎಸ್‌ಎ, ವರ್ಷಕ್ಕೊಮ್ಮೆ ಡಾಕ್ಟರ ಬೆರಳ ಪರೀಕ್ಷೆ. ಪಿಎಸ್‌ಎ ಏರಿದರೆ ಅಥವಾ ಬೇರೇನಾದರೂ ಅನುಮಾನ ಬಂದರೆ ಮಾತ್ರ ಮತ್ತೆ ಎಂಆರ್‌ಐ ಅಥವಾ ಬಯಾಪ್ಸಿ.

ಇನ್ನು ಆ "ಪೂರ್ತಿ ಮೈ" ಸ್ಕ್ಯಾನ್. ಹರಡುವ ಸಾಧ್ಯತೆಯೇ ಕಡಿಮೆ ಇರುವಾಗ ಪೆಟ್, ಸಿಟಿ, ಮೂಳೆ ಸ್ಕ್ಯಾನ್ ಮಾಡಬೇಡಿ ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2012ರಲ್ಲೇ ಹೇಳಿದೆ. ಎಂಆರ್‌ಐನಲ್ಲಿ ಇಲ್ಲದ ವಿಕಿರಣ ಇವುಗಳಲ್ಲಿದೆ. ನಮ್ಮಲ್ಲಂತೂ ಎಷ್ಟೋ ಸಲ ಬಿಲ್ಲು ಮನೆಯವರ ಜೇಬಿಗೇ.

ಇದು ಕಡಿಮೆ ಅಪಾಯದ ಕ್ಯಾನ್ಸರ್‌ಗೆ ಮಾತ್ರ ಹೇಳಿದ್ದು. ಅಪಾಯ ಹೆಚ್ಚಿದ್ದವರಿಗೆ ಅದೇ ಸ್ಕ್ಯಾನ್ ಅಗತ್ಯವಾಗಬಹುದು. ಮುಂದಿನ ಸಲ ಸ್ಕ್ಯಾನ್ ಚೀಟಿ ಕೈಗೆ ಬಂದಾಗ ಡಾಕ್ಟರನ್ನು ಕೇಳಿ: "ಇದರ ರಿಪೋರ್ಟ್ ನೋಡಿ ಅಪ್ಪನ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದೆಯೇ?"