ಹಾಯಿದೋಣಿಯ ಪಂದ್ಯ

ಬಾನುಲಿಯ ಕ್ರೀಡಾವಾರ್ತೆಯಲ್ಲಿ ಕ್ರಿಕೆಟ್ಟು, ಹಾಕಿ, ಕುಸ್ತಿಗಳ ಸುದ್ದಿ ಬಂದರೆ ಮನೆಮಂದಿಯೆಲ್ಲ ಕಿವಿಗೊಡುತ್ತಾರೆ. ಹಾಯಿದೋಣಿಯ ಪಂದ್ಯದ ಮಾತು ಬಂದರೆ ಮಾತ್ರ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. 2023ರಲ್ಲಿ ಚೀನದ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ನೇಹಾ ಠಾಕೂರ್ ಎಂಬ ಹುಡುಗಿ ಈ ಪಂದ್ಯದಲ್ಲಿ ಬೆಳ್ಳಿಯ ಪದಕ ಗೆದ್ದಳು. ಆಕೆ ಕಡಲ ದಂಡೆಯವಳಲ್ಲ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಒಕ್ಕಲುಮನೆಯವಳು, ಭೋಪಾಲದ ಕೆರೆಯಲ್ಲಿ ಹಾಯಿಯ ಪಾಠ ಕಲಿತವಳು. ಹೀಗಿರುವಾಗ ಎರಡು ಮಹಾನದಿಗಳ ನಡುವೆ ಬಾಳುವ ರಾಯಚೂರು ಸೀಮೆಯ ನಾವು, ಈ ಆಟ ನಮಗೆ ಸಂಬಂಧಪಟ್ಟದ್ದಲ್ಲವೆಂದು ಏಕೆ ತಿಳಿಯಬೇಕು? ಇದರ ಮರ್ಮವನ್ನು ಅರಿಯಲು ನಮ್ಮ ಹರಿಗೋಲಿನಿಂದಲೇ ಹೊರಡೋಣ.

ದೇವದುರ್ಗದ ಕಡೆಯ ಕೃಷ್ಣೆಯಲ್ಲಿ, ಮಾನ್ವಿಯ ಕಡೆಯ ತುಂಗಭದ್ರೆಯಲ್ಲಿ ಹರಿಗೋಲನ್ನು ಕಂಡವರಿಗೆ ಅದರ ಸ್ವಭಾವ ಗೊತ್ತು. ಬಿದಿರಿನ ದುಂಡು ಬುಟ್ಟಿ; ಮೊದಲು ಅದಕ್ಕೆ ತೊಗಲಿನ ಹೊದಿಕೆ ಇತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ತುಂಗಭದ್ರೆಯಲ್ಲಿ ನೋಡಿ, ಇದು ಸುತ್ತುತ್ತಲೇ ಸಾಗುವುದೆಂದೂ ಬೇರೆ ದೋಣಿಗಳಂತೆ ನೆಟ್ಟಗೆ ಹೋಗದೆಂದೂ ಬರೆದಿಟ್ಟಿದ್ದಾನೆ. ಆತ ಕಂಡದ್ದು ನಿಜ. ಹರಿಗೋಲಿಗೆ ಮುಂದೆಂಬುದಿಲ್ಲ, ಹಿಂದೆಂಬುದಿಲ್ಲ. ನೀರಿನೊಳಗೆ ಇಳಿದು ಹಿಡಿದುಕೊಳ್ಳುವ ಅಂಗವೂ ಇಲ್ಲ. ಗಾಳಿ ಬೀಸಿದತ್ತ ಜಾರುತ್ತದೆ, ಸೆಳವು ಎಳೆದತ್ತ ಹೊರಳುತ್ತದೆ. ಅದನ್ನು ಗುರಿ ಮುಟ್ಟಿಸುವುದು ಅಂಬಿಗನ ಹುಟ್ಟು ಮತ್ತು ಅವನ ತೋಳು.

ಪಂದ್ಯದ ಹಾಯಿದೋಣಿಗೆ ಈ ಹಿಡಿತವನ್ನು ಕೊಡುವುದು ಅದರ ತಳದಿಂದ ನೀರಿಗಿಳಿದ ಒಂದು ರೆಕ್ಕೆ. ಇದಕ್ಕೆ ಕೀಲ್ ಎನ್ನುವರು. ನಮ್ಮ ಗಾಡಿಯ ಕೀಲಿಗೂ ಇದಕ್ಕೂ ನಂಟಿಲ್ಲ. ನಾವು ಇದನ್ನು ಅಡಿರೆಕ್ಕೆ ಎನ್ನೋಣ. ಸೀಸದಂಥ ಭಾರವಾದ ಲೋಹವನ್ನು ತುಂಬಿರುವುದರಿಂದ ಇದು ಎರಡು ಕೆಲಸ ಮಾಡುತ್ತದೆ: ದೋಣಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ, ಗಾಳಿಗೆ ವಾಲಿದ ದೋಣಿಯನ್ನು ಮತ್ತೆ ನಿಲ್ಲಿಸುತ್ತದೆ. ಇನ್ನೂ ಹಗುರವಾದ ದೋಣಿಗಳಲ್ಲಿ ಭಾರವಿಲ್ಲದ, ಮೇಲೆತ್ತಬಹುದಾದ ಹಲಗೆ ಮಾತ್ರ ಇರುತ್ತದೆ. ಅಲ್ಲಿ ಭಾರದ ಕೆಲಸವನ್ನು ಸವಾರನ ಮೈಯೇ ಮಾಡಬೇಕು. ನೇಹಾ ನಡೆಸಿದ್ದು ಈ ಎರಡನೆಯ ಬಗೆಯ ದೋಣಿ.

ಗಾಳಿ ಹಿಂದಿನಿಂದ ಬೀಸಿದರೆ ದೋಣಿ ಮುಂದೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಎದುರುಗಾಳಿಯತ್ತ ಅದು ಹೇಗೆ ಏರುತ್ತದೆ? ನೆನೆದ ಹುಣಸೆಬೀಜವನ್ನು ಎರಡು ಬೆರಳುಗಳ ನಡುವೆ ಇಟ್ಟು ಒತ್ತಿ ನೋಡಿ. ಎರಡು ಕಡೆಯಿಂದ ಒತ್ತಿದ ಬೀಜ ಮುಂದಕ್ಕೆ ಚಿಮ್ಮುತ್ತದೆ. ಹಾಗೆಯೇ ಹಾಯಿಯನ್ನು ಗಾಳಿ ಒಂದು ಕಡೆಗೆ ನೂಕುತ್ತದೆ, ಅಡಿರೆಕ್ಕೆಯನ್ನು ನೀರು ಇನ್ನೊಂದು ಕಡೆಗೆ ತಡೆಯುತ್ತದೆ. ನಡುವೆ ಸಿಕ್ಕ ದೋಣಿ ಮುಂದಕ್ಕೆ ನುಸುಳುತ್ತದೆ. ಆದರೆ ನೇರ ಎದುರಿಗೆ ಹೋಗದು. ಗಾಳಿಯಿಂದ ಸುಮಾರು 45 ಅಂಶ ಓರೆಯಾಗಿ ಹೋಗಬೇಕು. ಕಡಿದಾದ ಗುಡ್ಡವನ್ನು ಅತ್ತ ಒಮ್ಮೆ, ಇತ್ತ ಒಮ್ಮೆ ಓರೆ ಹಿಡಿದು ಹತ್ತುವುದಿಲ್ಲವೆ? ಹಾಗೆ.

ನಮ್ಮ ದೇಶದಲ್ಲಿ ಅಡಿರೆಕ್ಕೆಯ ಸಣ್ಣ ದೋಣಿಗಳಿಗೆ ಮುಂಬಯಿ ಹಳೆಯ ನೆಲೆ. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಅಲ್ಲಿ ಪಂದ್ಯಗಳಿಗೆ ಬಿಡುವು. ಒಳನಾಡಿನಲ್ಲಿ ಇದಕ್ಕೆ ವಿರುದ್ಧ. ಆಷಾಢದ ಪಡುವಣ ಗಾಳಿ ನಮ್ಮೂರಿನ ಬಾಗಿಲುಗಳನ್ನು ಬಡಿಯುವ ಕಾಲಕ್ಕೆ ಹೈದರಾಬಾದಿನ ಹುಸೇನ್‌ಸಾಗರದಲ್ಲಿ ಹಾಯಿಗಳು ಏಳುತ್ತವೆ. 1956ರವರೆಗೆ ನಮಗೆ ರಾಜಧಾನಿಯಾಗಿದ್ದ ಆ ನಗರದ ಈ ಕೆರೆ ಹದಿನಾರನೆಯ ಶತಮಾನದಲ್ಲಿ ಕುತುಬ್‌ಶಾಹಿಗಳ ಕಾಲಕ್ಕೆ ಕಟ್ಟಿದ್ದು. ಅಲ್ಲಿ ಜುಲೈ ಸುಮಾರಿಗೆ ನಡೆಯುವ ವಾರದ ಪಂದ್ಯ ಹಲಗೆಯ ಹಗುರ ದೋಣಿಗಳದು. ಅಮೆರಿಕದ ಮಯಾಮಿಯಲ್ಲಿ ಮಾರ್ಚಿಯಲ್ಲಿ ನಡೆಯುವ ಬಕಾರ್ಡಿ ಕಪ್ ಅಡಿರೆಕ್ಕೆಯ ದೋಣಿಗಳದು. 1927ರಲ್ಲಿ ಹವಾನಾದಲ್ಲಿ ಹುಟ್ಟಿದ ಈ ಪಂದ್ಯ 1962ರಲ್ಲಿ ಮಯಾಮಿಗೆ ಬಂದಿತು. ಅಲ್ಲಿ ಓಡುವ ಸ್ಟಾರ್ ದೋಣಿ ಸುಮಾರು 23 ಅಡಿ ಉದ್ದ; ಸವಾರರು ಇಬ್ಬರೇ. ದೋಣಿ ಯಾವುದಾದರೂ ನಿಯಮಗಳು ಬಹುಪಾಲು ಒಂದೇ.

ನೀರಿನ ಮೇಲೆ ಗೆರೆ ಎಳೆಯಲಾಗದು. ಆದ್ದರಿಂದ ತೀರ್ಪುಗಾರರ ದೋಣಿಗೂ ಒಂದು ತೇಲುಬುರುಡೆಗೂ ನಡುವೆ ಕಣ್ಣಿಗೆ ಕಾಣದ ಗೆರೆಯನ್ನು ಗೊತ್ತುಮಾಡುತ್ತಾರೆ. ಹೊರಡಲು 5 ನಿಮಿಷವಿರುವಾಗ ಬಾವುಟ ಏರುತ್ತದೆ. 4 ನಿಮಿಷಕ್ಕೆ ಇನ್ನೊಂದು. 1 ನಿಮಿಷವಿರುವಾಗ ಅದು ಇಳಿಯುತ್ತದೆ. ಕುದುರೆಯಂತೆ ದೋಣಿಯನ್ನು ಗೆರೆಯ ಮೇಲೆ ನಿಲ್ಲಿಸಲು ಬಾರದು. ಸುತ್ತಾಡುತ್ತಲೇ ಇದ್ದು ಕ್ಷಣಕ್ಕೆ ಸರಿಯಾಗಿ ದಾಟಬೇಕು. ಮೊದಲೇ ದಾಟಿದವನು ಹಿಂದಿರುಗಿ ಬಂದು ಮತ್ತೆ ಹೊರಡಬೇಕು. ಗಾಳಿಯ ದಿಕ್ಕಿನ ತೇಲುಬುರುಡೆಯನ್ನು ಸುತ್ತಿ, ಕೆಳಗಿಳಿದು, ಮತ್ತೆ ಏರುವುದು ಪಂದ್ಯದ ಹಾದಿ. ಎದುರುಬದುರಾದಾಗ ಎಡಗಡೆಯಿಂದ ಗಾಳಿ ಪಡೆಯುವ ದೋಣಿ, ಬಲಗಡೆಯಿಂದ ಪಡೆಯುವ ದೋಣಿಗೆ ದಾರಿ ಬಿಡಬೇಕು.

ಇಷ್ಟೆಲ್ಲ ಕಲಿತವನನ್ನೂ ಗಾಳಿ ಪರೀಕ್ಷಿಸುತ್ತದೆ. ನಗರದ ನಡುವಿನ ಕೆರೆಯಲ್ಲಿ ಎತ್ತರದ ಕಟ್ಟಡಗಳನ್ನು ಸುತ್ತಿ ಬರುವ ಗಾಳಿ ಗಳಿಗೆಗೊಂದು ದಿಕ್ಕು ಹಿಡಿಯುತ್ತದೆ. ಹತ್ತು ಅಂಶ ಹೊರಳಿದರೂ ಹಿಂದಿದ್ದವನು ಮುಂದಾಗುತ್ತಾನೆ. ಮಳೆಮೋಡ ಬಂದರೆ ಇನ್ನೊಂದು ಬಗೆ. ಮೋಡದ ಕೆಳಗೆ ಮಳೆಯಿಂದ ತಣಿದ ಗಾಳಿ ಭಾರವಾಗಿ ಕೆಳಗೆ ಬಿದ್ದು ನಾಲ್ಕೂ ಕಡೆ ಹರಡುತ್ತದೆ. ಮೊದಲ ಹನಿ ಬೀಳುವ ಮುನ್ನ ನಮ್ಮ ಅಂಗಳದಲ್ಲಿ ಧೂಳೆಬ್ಬಿಸುವ ತಂಪುಗಾಳಿ ಇದೇ. ಗಾಳಿಯ ವೇಗ ಇಮ್ಮಡಿಸಿದರೆ ಹಾಯಿಯ ಮೇಲಿನ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಬಲ್ಲವನು ಮೊದಲೇ ನೋಡಿಕೊಳ್ಳುತ್ತಾನೆ: ದೂರದ ನೀರಿನ ಮೇಲೆ ಕಪ್ಪಗೆ ಓಡಿಬರುವ ಸಣ್ಣ ಅಲೆ, ದಂಡೆಯ ಹೊಗೆಯ ಬಾಗು, ಮುಂದಿನ ದೋಣಿಯ ವಾಲು. ನೋಡಿ ಹಾಯಿಯನ್ನು ಬಿಗಿದು ಚಪ್ಪಟೆಮಾಡಿ, ಗಾಳಿಯ ಮಗ್ಗುಲಿನ ಅಂಚಿಗೆ ಸರಿದು ಕೂರುತ್ತಾನೆ. ಗಾಳಿ ಬಿದ್ದುಹೋದ ದಿನ ತೀರ್ಪುಗಾರರು ಬಾವುಟವೇರಿಸಿ ಪಂದ್ಯವನ್ನು ಮುಂದೂಡುತ್ತಾರೆ. ಆಗ ತಾಳ್ಮೆಯ ಪರೀಕ್ಷೆ.

ಒಂದು ದಿನದ ಗಾಳಿ ಒಬ್ಬನಿಗೆ ಒಲಿಯಬಹುದು. ಆದ್ದರಿಂದಲೇ ವಾರದುದ್ದಕ್ಕೂ ಹಲವು ಓಟಗಳು. ಲೆಕ್ಕವೂ ತಲೆಕೆಳಗು: ಮೊದಲಿಗನಿಗೆ 1 ಅಂಕ, ಎರಡನೆಯವನಿಗೆ 2, ಹೀಗೆ, ಕಡೆಗೆ ಕಡಿಮೆ ಅಂಕದವನೇ ಗೆದ್ದವನು. ಸಾಮಾನ್ಯವಾಗಿ ಪ್ರತಿಯೊಬ್ಬನ ಅತಿ ಕೆಟ್ಟ ಓಟವೊಂದನ್ನು ಬಿಟ್ಟುಬಿಡುತ್ತಾರೆ. ಒಬ್ಬನು 1, 1, 9, 8, 1 ಪಡೆದನೆನ್ನಿ. 9ನ್ನು ಬಿಟ್ಟರೆ 11. ಇನ್ನೊಬ್ಬನು 2, 3, 3, 2, 4 ಪಡೆದ; 4ನ್ನು ಬಿಟ್ಟರೆ 10. ಮೂರು ಸಲ ಮೊದಲು ಬಂದವನು ಸೋತ, ಒಮ್ಮೆಯೂ ಮೊದಲು ಬಾರದವನು ಗೆದ್ದ! ನೇಹಾ 11 ಓಟಗಳಲ್ಲಿ ಪಡೆದದ್ದು 32. ಕೆಟ್ಟ ಓಟದ 5 ಕಳೆದು 27. ಅಂದರೆ ಅಷ್ಟು ಓಟಗಳಲ್ಲಿ ಆಕೆ ಐದಕ್ಕಿಂತ ಕೆಳಗೆ ಒಮ್ಮೆಯೂ ಇಳಿಯಲಿಲ್ಲ. ಎಲ್ಲ ಬಗೆಯ ಗಾಳಿಯಲ್ಲೂ ತಪ್ಪನ್ನು ಸಣ್ಣದಾಗಿ ಇಟ್ಟುಕೊಳ್ಳುವವನ ಆಟವಿದು.

ಆದರೆ ಈ ಲೆಕ್ಕಕ್ಕಿಂತ ಮೇಲಾದ ನಿಯಮವೊಂದುಂಟು. ನಿಯಮಾವಳಿಯ ಮೊದಲನೆಯದೇ ಅದು: ಅಪಾಯದಲ್ಲಿರುವವರಿಗೆ ಸಾಧ್ಯವಾದ ನೆರವೆಲ್ಲ ಕೊಡಬೇಕು. 1988ರ ಸೋಲ್ ಒಲಿಂಪಿಕ್ಸ್‌ನ ದೋಣಿಪಂದ್ಯ ಪೂಸಾನ್ ಕಡಲಲ್ಲಿ ನಡೆದಿತ್ತು. ಸೆಪ್ಟೆಂಬರ್ 24ರಂದು ಗಂಟೆಗೆ ಸುಮಾರು 28 ಕಿಲೋಮೀಟರಿದ್ದ ಗಾಳಿ 65ಕ್ಕೆ ಏರಿತು. ಎಂದರೆ ಒತ್ತಡ ಐದು ಪಟ್ಟಿಗೂ ಮಿಗಿಲು. ಕೆನಡಾದ ಲಾರೆನ್ಸ್ ಲೆಮ್ಯೂ ಎರಡನೆಯ ಸ್ಥಾನದಲ್ಲಿದ್ದ. ಬೇರೊಂದು ಪಂದ್ಯದ ಸಿಂಗಪುರದ ದೋಣಿ ಮಗುಚಿ ಇಬ್ಬರು ನೀರಿನಲ್ಲಿರುವುದನ್ನು ಕಂಡು ತನ್ನ ಹಾದಿ ಬಿಟ್ಟು ಹೋಗಿ ಅವರನ್ನು ಎತ್ತಿಕೊಂಡ. ರಕ್ಷಣೆಯ ದೋಣಿ ಬರುವವರೆಗೆ ಕಾದ. ತೀರ್ಪುಗಾರರು ಅವನಿಗೆ ಆ ಓಟದ ಎರಡನೆಯ ಸ್ಥಾನವನ್ನೇ ಕೊಟ್ಟರು. ಒಟ್ಟು ಲೆಕ್ಕದಲ್ಲಿ ಅವನು 11ನೆಯವನು, ಪದಕ ಸಿಗಲಿಲ್ಲ. ಕೂಬರ್ಟಿನ್ ಹೆಸರಿನ ಗೌರವಪದಕ ಸಿಕ್ಕಿತು.

ಪಂದ್ಯಕ್ಕೆ ಹೊರಡುವುದೋ ದಂಡೆಯಲ್ಲೇ ಉಳಿಯುವುದೋ ಎಂಬ ತೀರ್ಮಾನ ಆಯಾ ದೋಣಿಯವರದೇ. ತೇಲುವ ಅಂಗಿಯನ್ನು ತೊಡುವ ಹೊಣೆಯೂ ಅವರದೇ. ಇಲ್ಲಿ ನಮಗೊಂದು ಪಾಠವಿದೆ. ನಾರಾಯಣಪುರದಿಂದ ನೀರು ಬಿಟ್ಟಾಗ ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗುವುದನ್ನು ನಾವು ಬಲ್ಲೆವು. 2020ರ ಆಗಸ್ಟಿನಲ್ಲಿ ತುಂಬಿ ಹರಿಯುತ್ತಿದ್ದ ಕೃಷ್ಣೆಯಲ್ಲಿ ನಮ್ಮ ಜಿಲ್ಲೆಯ ನಡುಗಡ್ಡೆಯವರ ಹರಿಗೋಲು ಮಗುಚಿ ಜನ ಕೊಚ್ಚಿಹೋದದ್ದನ್ನೂ ಮರೆತಿಲ್ಲ. ನಡುಗಡ್ಡೆಯವರು ಹೊಳೆ ದಾಟುವುದು ಆಟಕ್ಕಲ್ಲ, ಔಷಧಕ್ಕೆ, ಸಂತೆಗೆ. ಪದಕಕ್ಕಾಗಿ ಓಡುವವರೇ ತೇಲುವ ಅಂಗಿಯಿಲ್ಲದೆ ನೀರಿಗಿಳಿಯದಿರುವಾಗ, ಹೊಟ್ಟೆಪಾಡಿಗಾಗಿ ದಾಟುವವರಿಗೆ ಅದು ಬೇಡವೆ? ಮುಂದಿನ ಸಲ ಬಾನುಲಿಯಲ್ಲಿ ಹಾಯಿದೋಣಿಯ ಸುದ್ದಿ ಬಂದಾಗ ಗೆದ್ದವರಾರೆಂದು ಕೇಳಿ ಸಂತೋಷಪಡಿ. ಹೊಳೆ ದಾಟುವ ಸಂದರ್ಭ ಬಂದಾಗ ಆ ಗೆದ್ದವರಂತೆಯೇ ಮೊದಲು ಮುಗಿಲನ್ನೂ ನೀರನ್ನೂ ನೋಡಿ, ಅಂಬಿಗನು ಇಂದು ಬೇಡವೆಂದರೆ ಅವನ ಮಾತನ್ನು ಮೀರಬೇಡಿ.